ಐದು ಗಂಟೆಯ ಗಿರಾಕಿ

ಸೈಗಾನಿನ ಬುಯಿ ವಿಯೆನ್ ಬೀದಿಯಿಂದ ಕವಲೊಡೆಯುವ ನಮ್ಮ ಓಣಿಯಲ್ಲಿ ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಅಂಟಿಕೊಳ್ಳಬೇಕು. ಬೆನ್ನ ಮೇಲೆ ಆಳೆತ್ತರದ ಚೀಲ ಹೊತ್ತ ಪ್ರವಾಸಿ ಎದುರಾದರೆ ಇಬ್ಬರೂ ಅಂಟಿಕೊಳ್ಳಬೇಕು. ಓಣಿಗಿರುವುದು ಒಂದೇ ಬಾಯಿ. ಅಲ್ಲಿ ತಾಮಕ್ಕನ ಬ್ರೆಡ್ಡಿನ ಗಾಡಿ, ಗಾಡಿಗೆ ತಾಗಿದಂತೆ ನನ್ನ ಹಳೆ ಪುಸ್ತಕದ ಅಂಗಡಿ. ಒಬ್ಬ ಪ್ರವಾಸಿ ಅರ್ಧ ಓದಿ ಬಿಟ್ಟದ್ದನ್ನು ಇನ್ನೊಬ್ಬನಿಗೆ ಮಾರುವುದು ನನ್ನ ಉದ್ಯೋಗ. ಕೆಲವು ಪುಸ್ತಕಗಳನ್ನು ನಾನೇ ನಾಲ್ಕು ಸಲ ಮಾರಿದ್ದೇನೆ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಓದುತ್ತೇನೆ. ಅಂದರೆ ಹೆಚ್ಚುಕಡಿಮೆ ದಿನವಿಡೀ.

ಸೈಗಾನಿನಲ್ಲಿ ಹೆಸರಿಗಿಂತ ಹುಟ್ಟಿದ ಸಾಲಿನ ಅಂಕೆಯೇ ಬಳಕೆ. ತಾಮ್ ಎಂದರೆ ಎಂಟು. ನಾಮ್ ಎಂದರೆ ಐದು, ಅದು ನಾನು. ಓದಿದವನಾದ್ದರಿಂದ ಏನನ್ನೂ ನಂಬದ ನಾಮಣ್ಣ ಎಂಬ ಹೆಸರೂ ನನಗಿತ್ತು. ತಾಮಕ್ಕನಿಗೆ ಮಾತ್ರ ಬೋಣಿಯೇ ದೇವರು. ಬೆಳಗಿನ ಮೊದಲ ಗಿರಾಕಿ ಚೌಕಾಸಿ ಮಾಡಿ ಬರಿಗೈಯಲ್ಲಿ ಹೋದರೆ ಹಳೆ ಪತ್ರಿಕೆಗೆ ಬೆಂಕಿ ಹಚ್ಚಿ, ಗಾಡಿಯ ಸುತ್ತ ಆಡಿಸಿ, ಅವನ ಬೆನ್ನಿಗೆ ತಗಲುವಂತೆ ಬೈಯುತ್ತಿದ್ದಳು. ಪ್ರವಾಸಿಗಳು ಇದು ಯಾವುದೋ ಪೂಜೆ ಎಂದುಕೊಂಡು ಫೋಟೊ ತೆಗೆಯುತ್ತಿದ್ದರು.

ಆ ಬೆಂಕಿ ಥೋವಾಳ ಕಡೆ ತಿರುಗಿದ್ದು ಮಳೆಗಾಲದ ಕೊನೆಯಲ್ಲಿ. ಥೋವಾ ಬೆನ್ ತ್ರೆ ಎಂಬ ತೆಂಗಿನ ಸೀಮೆಯವಳು, ವಿಧವೆ, ನಲವತ್ತರ ಆಸುಪಾಸು. ಓಣಿಯ ತುದಿಯ ಮನೆಯ ಅಟ್ಟದಲ್ಲಿ ಬಾಡಿಗೆಗಿದ್ದಳು. ಬೀದಿಯ ಒಂದು ಹೋಟೆಲಿನಲ್ಲಿ ಕೋಣೆ ಗುಡಿಸಿ ಹಾಸಿಗೆ ಬದಲಿಸುವ ಕೆಲಸ. ಆರಕ್ಕೆ ಸರಿಯಾಗಿ ಅಲ್ಲಿರಬೇಕು. ಹಾಗಾಗಿ ದಿನಾ ಐದೂಮುಕ್ಕಾಲಿಗೆ ಓಣಿಯಿಂದ ಹೊರಬೀಳುವ ಮೊದಲ ಮುಖ ಅವಳದೇ. ಒಂದು ದಿನ ಅವಳು ದಾಟಿಹೋದ ಮೇಲೆ ವಾರ್ಡ್ ಕಚೇರಿಯವರು ಬಂದು, ದಾರಿಗೆ ಅಡ್ಡವೆಂದು, ತಾಮಕ್ಕನ ಪ್ಲಾಸ್ಟಿಕ್ ಸ್ಟೂಲುಗಳನ್ನು ಲಾರಿಗೆ ಎಸೆದರು. ಮರುದಿನ ಅವಳೇ ಬೋಣಿಗೆ ಒಂದು ಬ್ರೆಡ್ಡು ಕೊಂಡಳು. ಎಂಟು ಗಂಟೆಗೆ ಗ್ಯಾಸು ಮುಗಿಯಿತು. ಮೂರನೆಯ ದಿನ ಅವಳ ಹಿಂದೆಯೇ ಮೊಟ್ಟೆಯ ತಟ್ಟೆ ಉರುಳಿತು.

"ಅವಳ ಜೀವ ಭಾರ ಕಣ್ರೀ, ಎದುರಾದೋರಿಗೆ ಕೇಡು," ತಾಮಕ್ಕ ಓಣಿಗೆಲ್ಲ ಕೇಳುವಂತೆ ಹೇಳಿದಳು. "ಗಂಡನ್ನ ನುಂಗಿದೋಳು. ಇಲ್ಲಿ ಬಂದು ನನ್ನ ಮೊಟ್ಟೆ ನುಂಗ್ತಿದಾಳೆ."

"ಮೊಟ್ಟೆ ಉರುಳಿಸಿದ್ದು ನಿನ್ನ ಮೊಣಕೈ, ತಾಮಕ್ಕ. ನಾನೇ ನೋಡಿದೆ."

"ಮೊಣಕೈ ಯಾಕೆ ಅವತ್ತೇ ಹೋಗ್ಬೇಕಿತ್ತು? ಓದಿದೀರಲ್ಲ, ಹೇಳಿ ನೋಡೋಣ!"

ನಾಲ್ಕನೆಯ ಬೆಳಿಗ್ಗೆ ಥೋವಾ ಬಾಗಿಲಲ್ಲೇ ಕಾದಳು. ಬೇರೆ ಯಾರಾದರೂ ಮೊದಲು ದಾಟಲಿ, ಗಾಡಿಗೆ ಬೇರೆ ಯಾರದಾದರೂ ಬೋಣಿಯಾಗಲಿ ಎಂದು. ಹೋಟೆಲ್ ತಲುಪಿದಾಗ ಆರೂಹತ್ತು. ಮರುದಿನ ಆರೂಕಾಲು. ಮೂರನೆಯ ಸಲ ತಡವಾದರೆ ಬರುವುದೇ ಬೇಡ ಎಂದು ಮೇಲ್ವಿಚಾರಕಿ ಹೇಳಿದಳಂತೆ. ಆ ಸಂಜೆ ಥೋವಾ ನನ್ನ ಅಂಗಡಿಗೆ ಬಂದಳು.

"ನಾಮಣ್ಣ, ನೀವು ಇದನ್ನೆಲ್ಲ ನಂಬಲ್ಲ ಅಲ್ವಾ?"

"ನಂಬೋಕೆ ನನಗೇನು ಹುಚ್ಚೇ?"

"ಹಾಗಾದ್ರೆ ನಾಳೆ ನನಗೆ ರಜ. ನಿಮ್ಮ ಅಂಗಡೀಲಿ ನಾನೇ ಬೋಣಿ ಮಾಡ್ತೀನಿ, ಎಲ್ಲರ ಎದುರಿಗೆ. ವ್ಯಾಪಾರ ಹೇಗಾಗುತ್ತೋ ನೋಡಿಬಿಡೋಣ."

ಕೇಳಿಸಿಕೊಂಡ ತಾಮಕ್ಕ ಸೌಟು ಹಿಡಿದೇ ಬಂದಳು. "ಇವರ ಅಂಗಡೀಲಾ? ಧನದೇವರೇ ಬಂದು ಬೋಣಿ ಮಾಡಿದ್ರೂ ಇಲ್ಲಿ ಹೋಗೋದು ಮೂರು ಪುಸ್ತಕ! ಆಯ್ತಮ್ಮ. ಮಧ್ಯಾಹ್ನದೊಳಗೆ ಹತ್ತು ಹೋಗಲಿ. ಹೋದ್ರೆ ನಾಡಿದ್ದು ನನ್ನ ಗಾಡಿಗೂ ನೀನೇ ಬೋಣಿ ಮಾಡು, ಕೈಮುಗಿದು ಕರೀತೀನಿ."

"ಹೋಗದಿದ್ರೆ?" ನಾನು ಕೇಳಿದೆ.

ಥೋವಾಳೇ ಹೇಳಿದಳು, "ಹೋಗದಿದ್ರೆ ಊರಿಗೆ ಹೋಗ್ತೀನಿ."

ಆರಕ್ಕೆ ಬೋಣಿ ಎಂದು ಗೊತ್ತುಮಾಡಿದೆವು. ನನಗೆ ನಾಲ್ಕಕ್ಕೇ ಎಚ್ಚರ. ಐದಕ್ಕೆ ಗಾಳಿಗೆಂದು ಶಟರು ಅರ್ಧ ಎತ್ತಿದೆ. ಮೆಟ್ಟಿಲ ಮೇಲೆ ಒಬ್ಬ ಬಿಳಿಯ ಹುಡುಗ ಚೀಲಕ್ಕೆ ಒರಗಿ ಕುಳಿತಿದ್ದ. ದಾಲಾತ್ ಬಸ್ಸಿಗೆ ಕಾಯುತ್ತಿದ್ದನಂತೆ. ದಾರಿಗೆ ಒಂದು ಪುಸ್ತಕ ಸಿಗಬಹುದೇ ಎಂದ. ಗಾಡಿ ಇನ್ನೂ ಬಂದಿರಲಿಲ್ಲ, ಓಣಿಯಲ್ಲಿ ಯಾರೂ ಇರಲಿಲ್ಲ.

ಇಲ್ಲ ಎನ್ನಬೇಕಿತ್ತು. ಆದರೆ ಆ ಹೊತ್ತಿಗೆ ಬಹಳ ಸಭ್ಯವಾದ ಒಂದು ವಾದ ನನ್ನೊಳಗೆ ಸಿದ್ಧವಾಗಿತ್ತು. ನಾನೇನೂ ನಂಬುವುದಿಲ್ಲ. ನಂಬದವನಿಗೆ ಮೊದಲ ಗಿರಾಕಿ ಯಾರಾದರೇನು? ಪಾಪ ಥೋವಾ, ಅವಳ ಬದುಕು ಇದರ ಮೇಲೆ ನಿಂತಿದೆ. ಅಡಿಪಾಯಕ್ಕೆ ಒಂದು ಗಟ್ಟಿ ಕಲ್ಲು ಹಾಕಿದರೆ ಅವಳಿಗೇ ಒಳ್ಳೆಯದು. ಹೀಗೆ ಯೋಚಿಸುತ್ತ ಪುಸ್ತಕ ಕೊಟ್ಟು, ನೋಟು ತೆಗೆದುಕೊಂಡು, ಅದನ್ನು ಹಣೆಗೆ ಒತ್ತಿಕೊಂಡೆ. ಒತ್ತಿಕೊಂಡದ್ದು ಗೊತ್ತಾದದ್ದು ಆಮೇಲೆ. ಶಟರು ಮತ್ತೆ ಇಳಿಸಿದೆ.

ಆರಕ್ಕೆ ಓಣಿಯವರೆಲ್ಲ ಹಲ್ಲುಜ್ಜುತ್ತ ನೆರೆದರು. ಥೋವಾ ಒಗೆದಿಟ್ಟ ಹೂವಿನ ಅಂಗಿ ತೊಟ್ಟು ಬಂದಳು. ಮೊದಲು ಕಣ್ಣಿಗೆ ಬಿದ್ದ ಪುಸ್ತಕ ಎತ್ತಿಕೊಂಡಳು. ಜರ್ಮನ್ ಭಾಷೆಯಲ್ಲಿ ನಾಯಿ ಸಾಕುವುದು ಹೇಗೆ ಎಂಬುದು. ಒಂದು ಮಾತೂ ಚೌಕಾಸಿ ಮಾಡದೆ ದುಡ್ಡು ಕೊಟ್ಟಳು. ಕೊಡುವಾಗ ಅವಳ ಕಣ್ಣು ಮುಚ್ಚಿತ್ತು.

ವ್ಯಾಪಾರವೆಂದರೆ ವ್ಯಾಪಾರ! ಏಳಕ್ಕೆ ಇಬ್ಬರು ಫ್ರೆಂಚ್ ಹೆಂಗಸರು ಎರಡು ಕೊಂಡರು. ಎಂಟೂವರೆಗೆ ಒಬ್ಬ ಗಡ್ಡದವನು ನಾಲ್ಕು ಪತ್ತೇದಾರಿ ಕಾದಂಬರಿಗಳನ್ನು ಒಟ್ಟಿಗೆ ಒಯ್ದ. ತಾಮಕ್ಕ ಬ್ರೆಡ್ಡು ಸೀಳುತ್ತಲೇ ಎಣಿಸುತ್ತಿದ್ದಳು. ಪುಸ್ತಕ ಹೋದಂತೆಲ್ಲ ಅವಳ ಧ್ವನಿ ಮೆದುವಾಗುತ್ತ ಹೋಯಿತು. ಹತ್ತರ ಹೊತ್ತಿಗೆ ಒಂಬತ್ತು. ಅಂಗಡಿಯೊಳಗೆ ಸ್ಟೂಲಿನ ಮೇಲೆ ಕುಳಿತ ಥೋವಾಳ ಮುಖದಲ್ಲಿ ನಾನು ಹಿಂದೆಂದೂ ನೋಡದ ಬಣ್ಣ ಏರಿತ್ತು. ಯಾರೋ ಹೇಳಿದ ತಮಾಷೆಗೆ ಹಲ್ಲು ಕಾಣುವಂತೆ ನಕ್ಕಳು.

ಹತ್ತೂವರೆಗೆ ಆ ಬಿಳಿಯ ಹುಡುಗ ವಾಪಸು ಬಂದ. ಅವನ ಬಸ್ಸು ಕೆಟ್ಟು, ಹನ್ನೊಂದಕ್ಕೆ ಬೇರೆ ಬಸ್ಸಂತೆ. ಪುಸ್ತಕದ ಕೊನೆಯ ಹನ್ನೆರಡು ಪುಟ ಇಲ್ಲ ಎಂದು ನಗುತ್ತಲೇ ತೋರಿಸಿದ. "ಇವತ್ತು ಬೆಳಿಗ್ಗೆ ಐದು ಗಂಟೆಗೆ ನಿಮ್ಮ ಹತ್ತಿರವೇ ಕೊಂಡದ್ದು," ಎಂದು ಇಂಗ್ಲಿಷಿನಲ್ಲಿ ನಿಧಾನವಾಗಿ, ಕಿವುಡನಿಗೆ ಹೇಳುವಂತೆ ಹೇಳಿದ. ಕೈ ಬೆರಳು ಐದನ್ನೂ ಎತ್ತಿದ.

ತಾಮಕ್ಕನಿಗೆ ಇಂಗ್ಲಿಷಿನಲ್ಲಿ ಬರುವುದು ಮೊಟ್ಟೆ, ಖಾರ ಮತ್ತು ದರ. ಆದರೆ ಹೋಟೆಲಿನಲ್ಲಿ ಕೋಣೆ ಗುಡಿಸುವವರಿಗೆ ಬರುವ ಇಂಗ್ಲಿಷೆಲ್ಲ ಹೊತ್ತಿಗೆ ಸಂಬಂಧಿಸಿದ್ದು: ಇವತ್ತು, ನಾಳೆ, ಬೆಳಿಗ್ಗೆ, ಐದು ಗಂಟೆಗೆ ಎಬ್ಬಿಸಿ. ನಾನು ಥೋವಾಳ ಕಡೆ ನೋಡಲಿಲ್ಲ. ಹುಡುಗ ಬೇರೆ ಪುಸ್ತಕ ಆರಿಸಿದ, ಇದು ದಪ್ಪಗಿದೆ ಎಂದು ಮೇಲೆ ಇನ್ನಷ್ಟು ದುಡ್ಡೂ ಕೊಟ್ಟ.

"ಹತ್ತು!" ತಾಮಕ್ಕ ಕೂಗಿದಳು. ಗಾಡಿ ಬಿಟ್ಟು ಓಡಿಬಂದು ಥೋವಾಳ ಎರಡೂ ಕೈ ಹಿಡಿದುಕೊಂಡಳು. "ನನ್ನ ನಾಲಿಗೆಗೆ ಬೆಂಕಿ ಬೀಳ! ಇದು ಕೈಯಲ್ಲಮ್ಮ, ಚಿನ್ನ. ಈ ಮನುಷ್ಯನ ಅಂಗಡೀಲಿ ಹತ್ತು! ನಾಳೆ ಬೆಳಿಗ್ಗೆ ನೀನು ಬರೋವರೆಗೆ ನಾನು ಒಬ್ಬರಿಗೂ ಬ್ರೆಡ್ಡು ಕೊಡಲ್ಲ, ಕೇಳಿಸ್ತಾ?"

ಥೋವಾ ತಲೆಯಾಡಿಸಿದಳು. ಅವಳ ಕೈಗಳು ತಾಮಕ್ಕನ ಕೈಯಲ್ಲಿ ಒದ್ದೆ ಬಟ್ಟೆಯಂತೆ ಇದ್ದವು.

ಸಂಜೆ ಅವಳು ನಾಯಿಯ ಪುಸ್ತಕ ತಂದು ಮೇಜಿನ ಮೇಲಿಟ್ಟಳು.

"ಎಲ್ಲ ಒಳ್ಳೇದೇ ಆಯ್ತಲ್ಲಮ್ಮ," ನಾನೇ ಶುರುಮಾಡಿದೆ. "ತಾಮಕ್ಕನ ಬಾಯಿ ಮುಚ್ಚಿತು. ಕೆಲಸ ಉಳೀತು. ಐದು ಗಂಟೆ ಗಿರಾಕಿ ವಿಷಯ ಅವರಿಗೆ ಗೊತ್ತಾಗಲ್ಲ."

"ಅವರಿಗೆ ಗೊತ್ತಾಗೋದು ಬೇಡ. ನನಗೆ ಗೊತ್ತಾಗ್ಬೇಕಿತ್ತು."

"ಏನು?"

"ಅವತ್ತು ನಮ್ಮೆಜಮಾನ್ರು ತೆಂಗಿನಕಾಯಿ ದೋಣಿಗೆ ಹೊರಟಾಗ ಬಾಗಿಲಲ್ಲಿ ಮೊದಲು ಎದುರಾದೋಳು ನಾನು. ಸಂಜೆ ಹೆಣ ಬಂತು. ಆರು ವರ್ಷದಿಂದ ನನ್ನಿಂದಲೇ ಹೋದ್ರು ಅಂತ ಅತ್ತೆ ಹೇಳ್ತಾರೆ, ನಾದಿನಿ ಹೇಳ್ತಾಳೆ, ಈಗ ತಾಮಕ್ಕ. ನಾನು ಮಾತ್ರ ಇಲ್ಲ, ಇಲ್ಲ ಅಂತ ನನಗೇ ಹೇಳ್ಕೋತಿದ್ದೆ."

"ಥೋವಾ, ಗಂಡನಿಗೆ ಬಾಗಿಲಲ್ಲಿ ಹೆಂಡತಿ ಎದುರಾಗದೆ ಊರ ಅಧ್ಯಕ್ಷ ಎದುರಾಗ್ತಾನಾ?"

ಅವಳು ನಗಲಿಲ್ಲ. "ನೀವು ನಂಬದೋರು. ನಿಮಗೇ ಭಯ ಆಯ್ತಲ್ಲ, ನಾಮಣ್ಣ."

"ನಾಳೆ ಮತ್ತೆ ಮಾಡೋಣ," ಎಂದೆ. "ನಿಜವಾಗಿ. ನೀನು ಬರೋವರೆಗೆ ಶಟರೇ ಎತ್ತಲ್ಲ. ಆಣೆ."

"ಎತ್ತಿಲ್ಲ ಅಂತ ನನಗೆ ಹೇಗೆ ಗೊತ್ತಾಗುತ್ತೆ?" ಎಂದಳು. ಕೇಳಿದ್ದರಲ್ಲಿ ಸಿಟ್ಟಿರಲಿಲ್ಲ, ನಿಜವಾಗಿ ತಿಳಿಯಬೇಕೆಂಬಂತಿತ್ತು.

ಮರುದಿನ ಐದೂವರೆಗೆ ತಾಮಕ್ಕ ಗಾಡಿ ಒರೆಸಿ, ಸೊಂಟದ ಮೇಲೆ ಕೈಯಿಟ್ಟು ನಿಂತಳು. ಬ್ರೆಡ್ಡು ಕೇಳಿದ ಇಬ್ಬರನ್ನು ತಡೆದಳು. "ಇರ್ರೀ, ನಮ್ಮ ಬೋಣಿ ಬರ್ತಿದೆ." ನಾನು ಶಟರಿನ ಹೊರಗೆ ನಿಂತಿದ್ದೆ, ಬೀಗ ಎಲ್ಲರಿಗೂ ಕಾಣುವಂತೆ. ಐದೂಮುಕ್ಕಾಲಾಯಿತು. ಓಣಿಯ ತುದಿಯಲ್ಲಿ ಥೋವಾ ಕೆಲಸದ ನೀಲಿ ಅಂಗಿಯಲ್ಲಿ ಹೊಸ್ತಿಲ ಒಳಗೇ ನಿಂತಿದ್ದಳು.

"ಬಾರಮ್ಮ! ಬ್ರೆಡ್ಡು ಆರುತ್ತೆ!" ತಾಮಕ್ಕ ಕೂಗಿದಳು.

ಥೋವಾ ಬರಲಿಲ್ಲ. ಐದೂಐವತ್ತಕ್ಕೆ ಪಕ್ಕದ ಮನೆಯ ಮೇಲಿನ ವಸತಿಗೃಹದಿಂದ ಒಂದು ಪ್ರವಾಸಿ ಜೋಡಿ ಇಳಿಯಿತು, ಬೆನ್ನಿಗೊಂದು ಎದೆಗೊಂದು ಚೀಲ. ಅವರು ಮುಂದೆ ಹೋದ ಮೇಲೆಯೇ ಅವಳು ಹೊಸ್ತಿಲು ದಾಟಿ ಅವರ ನೆರಳಲ್ಲಿ ನಡೆದಳು. ನಡು ಓಣಿಯಲ್ಲಿ ಆ ಜೋಡಿ ನಿಂತಿತು. ಫೋನಿನಲ್ಲಿ ದಾರಿ ನೋಡತೊಡಗಿತು. ಗೋಡೆಗೆ ಅಂಟಿಕೊಂಡರೆ ಅವಳೊಬ್ಬಳು ನುಸುಳುವಷ್ಟು ಜಾಗವಿತ್ತು. ನುಸುಳಲಿಲ್ಲ; ಇವತ್ತು ತಡವಾದರೆ ಮೂರನೆಯ ಸಲ. ಕೈಗಡಿಯಾರ ನೋಡಿಕೊಂಡಳು, ಅವರ ಚೀಲ ನೋಡಿದಳು, ಮತ್ತೆ ಗಡಿಯಾರ ನೋಡಿಕೊಂಡಳು.

"ಮುಂದೆ ನಡೀರಿ," ನಾನು ಇಂಗ್ಲಿಷಿನಲ್ಲಿ ಕೂಗಿದೆ. "ದಯವಿಟ್ಟು ಮುಂದೆ ನಡೀರಿ!"

ಇಬ್ಬರೂ ತಲೆಯೆತ್ತಿ ಬಹಳ ಸ್ನೇಹದಿಂದ ನಕ್ಕರು, ಮತ್ತು ಇಲ್ಲಿ ಬೆಳಗಿನ ತಿಂಡಿಗೆ ಯಾವ ಜಾಗ ಚೆನ್ನಾಗಿದೆ ಎಂದು ಕೇಳಿದರು.