ನಲವತ್ತು ಕಿಲೋಮೀಟರಿನೊಳಗೆ

2023ರ ಮೇ 14, ಭಾನುವಾರ, ಬೆಳಿಗ್ಗೆ ಒಂಬತ್ತು ಗಂಟೆ ನಲವತ್ತು ನಿಮಿಷ. ಮಗಳು ತಲೆಗೆ ನೀರು ಹಾಕಿಕೊಳ್ಳಲು ಹೋದ ಮೇಲೆ ಸರ್ವೇಯರ್ ಅಡುಗೆಮನೆಯ ಮೇಜಿನ ಮೇಲಿದ್ದ ಲ್ಯಾಪ್‌ಟಾಪನ್ನು ತನ್ನ ಕಡೆ ತಿರುಗಿಸಿಕೊಂಡ.

"ಅಪ್ಪನ ಕಾಲಂನಲ್ಲಿ ನಿನ್ನ ಹೆಸರು, ಕೆಲಸ ತುಂಬು ಸಾಕು. ಬೇರೇನೂ ಒತ್ಬೇಡಪ್ಪ" ಎಂದು ಹೇಳಿಹೋಗಿದ್ದಳು.

ಕಾಲೇಜು ಹುಡುಕಿಕೊಡುವ ವೆಬ್‌ಸೈಟು ಅದು. ವಿಷಯ, ಅಂಕ, ಮನೆಯಿಂದ ಎಷ್ಟು ದೂರ ಎಂದು ಹೇಳಿದರೆ ಪಟ್ಟಿ ಕೊಡುತ್ತದೆ. ದೂರಕ್ಕೆ ಒಂದು ಗೆರೆ, ಅದರ ಮೇಲೆ ಜಾರುವ ಗುಂಡಿ. ಗುಂಡಿ ನಲವತ್ತು ಕಿಲೋಮೀಟರಿನಲ್ಲಿ ನಿಂತಿತ್ತು. ವಿಷಯ, ವಾಣಿಜ್ಯ. ಸಿಕ್ಕಿದ್ದು ಎರಡು ಕಾಲೇಜು. ಒಂದರ ಕಾಂಪೌಂಡನ್ನು ಅವನೇ ಅಳೆದಿದ್ದ.

ಪಕ್ಕದಲ್ಲಿ ಹಿಂದಿನ ಹುಡುಕಾಟಗಳ ಸಾಲು. ಸಮುದ್ರ ವಿಜ್ಞಾನ, ದೂರದ ಮಿತಿ ಇಲ್ಲ. ಒಂದೇ ಕಾಲೇಜನ್ನು ಹನ್ನೊಂದು ಸಲ ತೆರೆದು ನೋಡಿದ್ದಳು. ಕೊನೆಯ ಸಲ ಏಪ್ರಿಲ್ 28. ಅವತ್ತೇ ಅವನು ಹಾಲು ಒಲೆಯ ಮೇಲಿಟ್ಟು ಮರೆತು, ಪಾತ್ರೆ ಸುಟ್ಟು ಮನೆಯೆಲ್ಲ ಹೊಗೆ ಮಾಡಿದ್ದು. ಮರುದಿನದಿಂದ ಎಲ್ಲ ಹುಡುಕಾಟವೂ ನಲವತ್ತರೊಳಗೆ.

ಅವನು ಗುಂಡಿಯನ್ನು ಬಲತುದಿಯವರೆಗೂ ಎಳೆದ.

"ಏನೂ ಒತ್ಬೇಡ ಅಂದಿದ್ನಲ್ಲ?" ಮಗಳು ಟವೆಲ್ ಸುತ್ತಿದ ತಲೆಯಲ್ಲಿ ಬಾಗಿಲಲ್ಲಿ ನಿಂತಿದ್ದಳು.

"ಒತ್ತಿಲ್ಲ, ಎಳೆದೆ."

"ತಮಾಷೆ ಬೇಡ. ಕನ್ನಡಕ ಹಣೆ ಮೇಲಿಟ್ಕೊಂಡು ಮನೆಯೆಲ್ಲ ಹುಡುಕೋನು ನೀನು."

"ಹಣೇನೂ ಮನೇಲೇ ಇರುತ್ತಲ್ಲ, ಸಿಗುತ್ತೆ ಬಿಡು."

"ಮತ್ತೆ ಪಾತ್ರೆ?"

"ಒಂದು ಪಾತ್ರೆ ಸುಟ್ಟಿದ್ದಕ್ಕೆ ಸಮುದ್ರಾನೇ ಬಿಟ್ಬಿಡ್ತೀಯೇನೇ?"

ಅವಳು ಟವೆಲ್ ಬಿಚ್ಚಿದಳು. ಕೂದಲಿನಿಂದ ನೀರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು.

ತಾಯಿ ತೀರಿಕೊಂಡ ವರ್ಷದಿಂದ ಶಾಲೆಗೆ ರಜೆ ಬಂದಾಗಲೆಲ್ಲ ಅವಳನ್ನು ಅವನು ಕೆಲಸಕ್ಕೆ ಕರೆದೊಯ್ಯುತ್ತಿದ್ದ. ಮನೆಯಲ್ಲಿ ಬಿಟ್ಟುಹೋಗಲು ಬೇರೆ ಯಾರೂ ಇರಲಿಲ್ಲ. ಅಳತೆ ಟೇಪಿನ ಆ ತುದಿ ಅವಳ ಕೈಯಲ್ಲಿ, ಈ ತುದಿ ಅವನ ಕೈಯಲ್ಲಿ. ಅವನು ಅಳತೆಯನ್ನು ಕೂಗಬೇಕು, ಅವಳು ಅದನ್ನೇ ತಿರುಗಿ ಕೂಗಬೇಕು. ಆ ದನಿ ಬರುವ ತನಕ ಅವನು ಪುಸ್ತಕದಲ್ಲಿ ಬರೆಯುತ್ತಿರಲಿಲ್ಲ.

"ಈ ಸೈಟು ತೋರ್ಸೋದು ನೇರ ದೂರ. ರಸ್ತೆ ಜಾಸ್ತಿ ಇರುತ್ತೆ, ತಡಿ" ಎಂದು ನಕ್ಷೆ ತೆರೆದ. ಮನೆಬಾಗಿಲಿಂದ ಆ ಸಮುದ್ರ ವಿಜ್ಞಾನದ ಕಾಲೇಜಿನ ಗೇಟಿನವರೆಗೆ ಅಳೆದ. ಜೇಬಿನ ಪುಸ್ತಕ ತೆಗೆದು, ಕನ್ನಡಕ ಹಣೆಗೇರಿಸಿ, ಬಯಲಿನಲ್ಲಿ ಕೂಗುವ ದನಿಯಲ್ಲೇ ಅಂದ: "ಏಳುನೂರ ಮೂವತ್ತೊಂದು ಪಾಯಿಂಟ್ ನಾಲ್ಕು."

ಪೆನ್ಸಿಲು ಹಾಳೆಯ ಮೇಲೆ ತಾಗದೆ ನಿಂತಿತ್ತು.

"ಹೇಳು ಮರಿ."

ಅವಳು ಗೋಡೆಯ ಕಡೆ ತಿರುಗಿಕೊಂಡಳು. "ಏಳುನೂರ... ಮೂವತ್ತೊಂದು ಪಾಯಿಂಟ್ ನಾಲ್ಕು."

ಕನ್ನಡಕವನ್ನು ಹಣೆಯಿಂದ ಇಳಿಸಿ ಅವನು ಬರೆದುಕೊಂಡ: 731.4 ಕಿ.ಮೀ.