ಮೇಸ್ತ್ರಿ ಮುಚ್ಚಿದ ಬಾಗಿಲು

ಹಳೆಯ ಹಡಗಿನಲ್ಲಿ ಜೊತೆಗಿದ್ದವರು ವರ್ಷಕ್ಕೊಂದು ಭಾನುವಾರ ಸೇರುತ್ತಿದ್ದರು. ಸರಿಯಾಗಿ ಅದೇ ಭಾನುವಾರ ಮೇಸ್ತ್ರಿಗೆ ಸೊಂಟ ಹಿಡಿದುಕೊಳ್ಳುತ್ತಿತ್ತು. ನೌಕಾಪಡೆ ಬಿಟ್ಟ ಮೇಲೆ ಹೊಲಿಗೆ ಯಂತ್ರ ರಿಪೇರಿಯ ಅಂಗಡಿ ಇಟ್ಟಿದ್ದ ಆತ, ಉಳಿದ ದಿನವೆಲ್ಲ ಆ ಕಬ್ಬಿಣದ ಯಂತ್ರಗಳನ್ನು ಒಬ್ಬನೇ ಎತ್ತಿ ಮೇಜಿನ ಮೇಲಿಡುತ್ತಿದ್ದ.

ಈ ಸಲ ಹೆಂಡತಿ ಸುಮ್ಮನಿರಲಿಲ್ಲ. ಇಸ್ತ್ರಿ ಮಾಡಿದ ಅಂಗಿ ತಂದು ಅವನ ತೊಡೆಯ ಮೇಲೆ ಹಾಕಿದಳು. "ನಿಮಗೆ ನೋವಿರೋದು ಸೊಂಟದಲ್ಲಲ್ಲ, ನನಗೆ ಗೊತ್ತಿಲ್ವಾ? ಹೋಗಿ ಬನ್ನಿ. ಯಾರೂ ನಿಮ್ಮನ್ನ ನುಂಗಿಬಿಡಲ್ಲ."

"ಈ ಸಲ ಗುಬ್ಬೀನೂ ಬರ್ತಾನಂತೆ."

"ಹಾಗಾದ್ರೆ ಹೋಗಲೇಬೇಕು."

ಗುಬ್ಬಿಯ ಹೆಸರೆತ್ತಿದರೆ ಗಂಡ ಯಾಕೆ ಕುಗ್ಗುತ್ತಾನೆಂಬುದು ಅವಳೊಬ್ಬಳಿಗೇ ಗೊತ್ತಿತ್ತು. ಎಂಜಿನ್ ಕೋಣೆಯಲ್ಲಿ ಎಣ್ಣೆಯ ಕೊಳವೆ ಒಡೆದು ಬೆಂಕಿ ಹತ್ತಿದ ದಿನ ಮೇಸ್ತ್ರಿಯ ಕೈಕೆಳಗೆ ಎಂಟು ಜನರಿದ್ದರು. ಹೊಗೆಯಲ್ಲಿ ಮೇಲೆ ಹತ್ತಿ ಬಂದವರನ್ನು ಅವನು ಬಾಗಿಲಲ್ಲಿ ನಿಂತು ಹೆಗಲು ಮುಟ್ಟಿ ಎಣಿಸಿದ. ಏಳೇ ಜನ. ಎಲ್ಲರಿಗಿಂತ ಕಿರಿಯ, ಕಡ್ಡಿಯಂಥ ಗುಬ್ಬಿ ಬಂದಿರಲಿಲ್ಲ. ಮೇಸ್ತ್ರಿ ಒಳಕ್ಕೆ ಬಾಗಿ ಮೂರು ಸಲ ಕೂಗಿದ. ಉತ್ತರವಿಲ್ಲ. ಗಾಳಿ ಹೋದಷ್ಟೂ ಬೆಂಕಿ ಬೆಳೆಯುತ್ತದೆ. ಹಡಗಿನಲ್ಲಿ ಇನ್ನೂರು ಜೀವಗಳಿದ್ದವು. ಮುಚ್ಚು ಎಂದು ಮೇಲಿನಿಂದ ಆಜ್ಞೆ ಬಂತು. ಮೇಸ್ತ್ರಿ ಬಾಗಿಲೆಳೆದು ಹಿಡಿ ತಿರುಗಿಸಿದ.

ಹತ್ತು ನಿಮಿಷದ ಮೇಲೆ ಗುಬ್ಬಿ ಹಿಂಬದಿಯ ತುರ್ತು ಏಣಿಯಿಂದ ತೆವಳಿಕೊಂಡು ಹೊರಬಂದ. ಎರಡೂ ಅಂಗೈ ಸುಟ್ಟಿದ್ದವು. ಆಸ್ಪತ್ರೆಗೆ ಎಲ್ಲರೂ ಹೋದರು, ಮೇಸ್ತ್ರಿ ಹೋಗಲಿಲ್ಲ. ಯಾವ ಮುಖ ಹೊತ್ತು ಹೋಗುವುದು?

ಭಾನುವಾರ ಎಲ್ಲರೂ ಸೇರಿದ್ದ ಹಾಲ್‌ನಲ್ಲಿ ಗದ್ದಲವೋ ಗದ್ದಲ. ಎಂಜಿನ್ ಕೋಣೆಯಲ್ಲಿ ದುಡಿದವರೆಲ್ಲ ಅರೆಕಿವುಡರು. ಗುಟ್ಟನ್ನೂ ಕೂಗಿಯೇ ಹೇಳಬೇಕು. ತಂತಿ ಸಂದೇಶ ನೋಡಿಕೊಳ್ಳುತ್ತಿದ್ದವನು ಹಡಗಿನ ಅಡುಗೆಯವನ ಬೆನ್ನು ತಟ್ಟುತ್ತ, "ಇವನು ಸುಟ್ಟ ಬ್ರೆಡ್ ಎಸೆದಿದ್ರೆ ಸಾಕಿತ್ತು, ಶತ್ರು ಹಡಗು ಮುಳುಗ್ತಿತ್ತು!" ಎಂದ. ಅಡುಗೆಯವನೇ ಎಲ್ಲರಿಗಿಂತ ಜೋರಾಗಿ ನಕ್ಕ.

ಕಿಟಕಿಯ ಬಳಿ ಒಬ್ಬ ದಢೂತಿ ಮನುಷ್ಯ ಟೀ ಲೋಟವನ್ನು ಎರಡು ಮಣಿಕಟ್ಟುಗಳ ನಡುವೆ ಹಿಡಿದು ಕುಡಿಯುತ್ತಿದ್ದ. ಗುಬ್ಬಿ ಈಗ ಆನೆಯಾಗಿದ್ದ. ಆದರೂ ಆ ಕೈಗಳನ್ನು ನೋಡಿದೊಡನೆ ಮೇಸ್ತ್ರಿಗೆ ಗುರುತು ಹತ್ತಿತು. ಎದುರು ಹೋಗಿ ನಿಂತು, ತಗ್ಗಿದ ದನಿಯಲ್ಲಿ, "ಆವತ್ತು ಬಾಗಿಲು ಹಾಕಿದ್ದು ನಾನೇ ಕಣೋ," ಎಂದ.

"ಏನು?" ಗುಬ್ಬಿ ಕಿವಿ ಮುಂದೆ ತಂದ.

"ಬಾಗಿಲು ಹಾಕಿದ್ದು ನಾನು! ನೀನು ಒಳಗಿದೀಯ ಅಂತ ಗೊತ್ತಿದ್ದೂ ಹಾಕಿದೆ!"

ಸುತ್ತಲಿದ್ದವರೆಲ್ಲ ತಿರುಗಿ ನೋಡಿದರು.

"ಗೊತ್ತು ಮೇಸ್ತ್ರಿ. ನೀವು ಕೂಗಿದ್ದು ಮೂರು ಸಲಾನೂ ಕೇಳಿಸ್ತು."

"ಕೇಳಿಸ್ತಾ? ಮತ್ತೆ ಓಗೊಡಲಿಲ್ಲ ಯಾಕೆ?"

"ಎಣ್ಣೆ ಇನ್ನೂ ಸುರೀತಿತ್ತು. ಕೊಳವೆಯ ವಾಲ್ವು ತಿರುಗಿಸಿ ಮುಚ್ಚದೆ ಬಂದ್ರೆ ಹಡಗೇ ಹೋಗ್ತಿತ್ತು. ನಾನು ಓಗೊಟ್ಟಿದ್ರೆ ನೀವು ಒಳಗೆ ನುಗ್ತಿದ್ರಿ. ನಿಮ್ಮನ್ನ ನಾನು ಕಾಣೆನಾ? ಆಸ್ಪತ್ರೆಗೆ ನೀವು ಬರದಿದ್ದಾಗ, ಮಾತು ಮೀರಿದ್ದಕ್ಕೆ ಸಿಟ್ಟಾಗಿದಾರೆ ಅಂದ್ಕೊಂಡೆ. ಅದಕ್ಕೇ ಇಲ್ಲಿಗೂ ಬರ್ತಿರಲಿಲ್ಲ."

ಮೇಸ್ತ್ರಿಗೆ ಮೊದಲು ಬಂದದ್ದು ಸಮಾಧಾನವಲ್ಲ, ಕೋಪ. "ಒಂದು ಕಾಗದ ಬರೀಬಾರದಿತ್ತೇನೋ, ಕತ್ತೆ!"

"ಯಾವ ಕೈಲಿ ಬರೀಲಿ?"

ಮೇಸ್ತ್ರಿ ಅವನ ಎದುರಿನ ಕುರ್ಚಿಯಲ್ಲಿ ಕುಳಿತ. ತಾನು ಕೂಗಿದ್ದು ಗುಬ್ಬಿಗೆ ಕೇಳಿಸಿತ್ತು ಎಂಬುದರಿಂದ ಬಾಗಿಲು ಮುಚ್ಚಿದ್ದು ಸುಳ್ಳಾಗುವುದಿಲ್ಲ. ಅದು ಸಾಯುವ ತನಕ ಅವನದೇ. ಆದರೆ ಒಳಗಿದ್ದವನು ತನ್ನನ್ನು ಶಪಿಸುತ್ತ ಸಾಯಹೊರಟಿದ್ದ ಎಂದು ಇಷ್ಟು ವರ್ಷ ಕಂಡಿದ್ದ ಚಿತ್ರ ಮಾತ್ರ ತಪ್ಪಾಗಿತ್ತು. ಗುಬ್ಬಿಯ ಕೈಗಳನ್ನು ತನ್ನ ಕೈಗೆ ತೆಗೆದುಕೊಂಡ. ಚರ್ಮ ನುಣುಪಾಗಿತ್ತು, ಬೆರಳು ಪೂರ್ತಿ ಮಡಚುತ್ತಿರಲಿಲ್ಲ.

"ಆ ಹತ್ತು ನಿಮಿಷ ಏನಾಯ್ತು? ಮೊದಲಿಂದ ಹೇಳು."

ಗುಬ್ಬಿ ಕುರ್ಚಿ ಹತ್ತಿರಕ್ಕೆಳೆದುಕೊಂಡು ಹೇಳತೊಡಗಿದ. ಇಷ್ಟು ವರ್ಷ ಅವನನ್ನು ಯಾರೂ ಅದನ್ನು ಕೇಳಿರಲಿಲ್ಲ.