ಇಪ್ಪತ್ತೈದನೆಯ ಸಾಲು

ನಾನು ಒಂದು ಗೋಡೆಪಟ. ಆರಡಿ ಉದ್ದದ ಕೋರಾ ಬಟ್ಟೆ, ಮೇಲೊಂದು ಕೆಳಗೊಂದು ಮರದ ಕೋಲು. ನನ್ನನ್ನು ಬರೆದವರು ಮೈಸೂರಿನ ಪೇಂಟರ್ ಮುನಾವರ್. ಅಂಗಡಿ ಬೋರ್ಡು ಬರೆದು ಪಳಗಿದ ಕೈ. ಗೋ, ವೆಂಟ್, ಗಾನ್. ಈಟ್, ಏಟ್, ಈಟನ್ ಎಂದು ಇಪ್ಪತ್ತನಾಲ್ಕು ಇಂಗ್ಲಿಷ್ ಕ್ರಿಯಾಪದಗಳನ್ನು ನೀಲಿ ಬಣ್ಣದಲ್ಲಿ ಬರೆದು ಮುಗಿಸಿ, ಬ್ರಷ್ ಒರೆಸುತ್ತ ಕೇಳಿದರು.

"ಕೆಳಗೆ ಇನ್ನೊಂದು ಸಾಲಿಗೆ ಜಾಗ ಐತೆ ಮೇಡಂ. ಏನಾದ್ರೂ ಬರೀಲಾ?"

"ಬೇಡ ಬಿಡಿ. ಇಷ್ಟು ಬಾಯಿಗೆ ಬಂದ್ರೆ ಅವರ ಪುಣ್ಯ," ಎಂದರು ವಿಶಾಲಾಕ್ಷಿ ಮೇಡಂ.

ಮೇಡಂ ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ಆಫ್ರಿಕಾದಿಂದ ಓದಲು ಬಂದ, ಫ್ರೆಂಚ್ ಬಿಟ್ಟು ಬೇರೆ ತಿಳಿಯದ ಹುಡುಗ ಹುಡುಗಿಯರಿಗೆ ಮನೆಯ ಮುಂದಿನ ಕೋಣೆಯಲ್ಲಿ ಪಾಠ ಹೇಳುತ್ತಿದ್ದರು. ಮೇಡಂಗೆ ಫ್ರೆಂಚ್ ಬರುತ್ತಿರಲಿಲ್ಲ. ಅದಕ್ಕೇ ಇರಬೇಕು, ಹೊಸಿಲು ದಾಟಿದ ಮೇಲೆ ಒಂದು ಫ್ರೆಂಚ್ ಮಾತೂ ಕೂಡದು ಎಂಬ ನಿಯಮ. ತಪ್ಪಿದವರು ನನ್ನ ಮುಂದೆ ನಿಂತು, ನನ್ನನ್ನು ಹತ್ತು ಸಲ ಗಟ್ಟಿಯಾಗಿ ಓದಬೇಕು.

ನನಗೆ ಆಗ ಜಂಬ. ಶಿಕ್ಷೆಯಾದರೂ ಸರಿ, ಓದುವುದು ನನ್ನನ್ನೇ ತಾನೆ? ಅವರ ಪಿಸುಮಾತು ಕೇಳಿ ಕೇಳಿ ನನಗೂ ನಾಲ್ಕು ಫ್ರೆಂಚ್ ಮಾತು ಬಂದಿದ್ದವು. ಬಾರದೇ ಇದ್ದಿದ್ದರೆ ಚೆನ್ನಾಗಿತ್ತು.

ಓಡೀಲ್ ಎಂಬ ಹುಡುಗಿ ಐವರಿ ಕೋಸ್ಟಿನವಳು. ಕಾಲೇಜಿನ ಪ್ರವೇಶ ಪರೀಕ್ಷೆಗೆ ಹತ್ತೇ ದಿನವಿತ್ತು, ಒಂದು ತರಗತಿಯನ್ನೂ ತಪ್ಪಿಸುತ್ತಿರಲಿಲ್ಲ. ಆ ಬೆಳಿಗ್ಗೆ ಬಂದವಳ ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು. ಹೊಟ್ಟೆಯ ಬಲಕ್ಕೆ ಕೈ ಒತ್ತಿಕೊಂಡೇ ಕುಳಿತಳು. ಅರ್ಧ ತಾಸಾದ ಮೇಲೆ ಎದ್ದು ನಿಂತು, "ಜೇ ಮಾಲ್," ಎಂದಳು. ನೋಯುತ್ತಿದೆ ಎಂದು.

"ನೋ ಫ್ರೆಂಚ್!" ಎಂದರು ಮೇಡಂ. ಹೊಟ್ಟೆ ಹಿಡಿದುಕೊಳ್ಳುವ ನಾಟಕವನ್ನು ಮೂವತ್ತು ವರ್ಷ ಕಂಡವರು ಅವರು. ನನ್ನ ಕಡೆ ಬೆರಳು ತೋರಿಸಿದರು.

ಓಡೀಲ್ ಬಂದು ನಿಂತಳು. ಅವಳ ಉಸಿರು ಕಾದ ಹಂಚಿನ ಹಾಗೆ ನನ್ನ ಮೈಗೆ ತಾಕಿತು. ಓದುತ್ತ ಓದುತ್ತ ಅವಳ ಕಣ್ಣು ನನ್ನ ಮೇಲೆ ಏನನ್ನೋ ಹುಡುಕುತ್ತಿತ್ತು. ತನಗೆ ಬೇಕಾದ ಆ ಒಂದು ಪದವನ್ನು. ಅದು ನನ್ನಲ್ಲಿ ಇರಲಿಲ್ಲ. ಪ್ರತಿ ಸಲವೂ ಕೆಳಗಿನ ಖಾಲಿ ಜಾಗಕ್ಕೆ ಬಂದು ನಿಂತು, ಮತ್ತೆ ಮೇಲಿನಿಂದ ಶುರು ಮಾಡುತ್ತಿದ್ದಳು.

ಅವಳು ಹೇಳಿದ್ದು ಹಿಂದೆ ಕುಳಿತ ಎಂಟು ಜನಕ್ಕೂ ಅರ್ಥವಾಗಿತ್ತು. ಅದನ್ನು ಇಂಗ್ಲಿಷಿನಲ್ಲಿ ಹೇಳಲು ಯಾರಿಗೂ ಬರುತ್ತಿರಲಿಲ್ಲ, ಫ್ರೆಂಚಿನಲ್ಲಿ ಬಾಯಿ ಬಿಡಲು ಹೆದರಿಕೆ. ಎಲ್ಲರೂ ತಲೆ ತಗ್ಗಿಸಿದ್ದರು.

ಏಳನೆಯ ಸಲ ಓದುವಾಗ ಅವಳು ನನ್ನನ್ನು ಹಿಡಿದುಕೊಂಡು ಕುಸಿದಳು. ನಾನು ಮೊಳದುದ್ದ ಹರಿದೆ. ಆಗ ಸೆರ್ಜ್ ಎಂಬ ಕಾಂಗೋ ಹುಡುಗ ಫ್ರೆಂಚಿನಲ್ಲೇ ಚೀರಿಕೊಂಡು ಬೀದಿಗೆ ಓಡಿ ಆಟೋ ತಂದ.

ಕರುಳಿನ ತುದಿಯ ಅಪೆಂಡಿಕ್ಸ್ ಒಳಗೇ ಒಡೆದಿತ್ತಂತೆ. ಮೂರನೆಯ ದಿನ ಓಡೀಲ್ ತೀರಿಕೊಂಡಳು.

ಮೇಡಂ ಪಾಠ ನಿಲ್ಲಿಸಿದರು. ನನ್ನನ್ನು ಸುತ್ತಿ ಬೀರುವಿನ ಮೇಲಿಟ್ಟರು. ಎರಡು ವರ್ಷ ಬೆಳ್ಳಿಹುಳಗಳು ನನ್ನ ಅಂಚನ್ನು ತಿಂದವು. ಒಂದು ದಿನ ಸೆರ್ಜ್ ಬಂದ. ತಾನೀಗ ಹೊಸಬರಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ, ಪಟ ಬೇಕು ಎಂದು ಕನ್ನಡದಲ್ಲೇ ಕೇಳಿದ. ಮೇಡಂ ನನ್ನ ಮುಖ ನೋಡದೆ ಅವನ ಕೈಗಿಟ್ಟರು.

"ಕೆಳಗಡೆ ಸಾಲು ತುಂಬ್ಸಪ್ಪಾ," ಎಂದರು. "ಮೊದಲು ಅದನ್ನೇ ಕಲಿಸು."

ಸೆರ್ಜ್ ಕೆಂಪು ಬಣ್ಣದಲ್ಲಿ ಹರ್ಟ್ ಎಂದು ಬರೆದ. ಹರಿದಲ್ಲಿ ಹೊಲಿಗೆ ಹಾಕಿದ. ಬಂದವರಿಗೆಲ್ಲ ಮೊದಲ ಪಾಠ ಅದೇ. ನನಗೆ ಸ್ವಲ್ಪ ಸಮಾಧಾನವಾಯಿತು.

ಈಗ ಬಣ್ಣ ಉದುರುತ್ತಿದೆ, ಕೋಲಿಗೆ ಗೆದ್ದಲು ಹಿಡಿದಿದೆ. ಹೋದ ತಿಂಗಳು ಪರೀಕ್ಷೆಯಲ್ಲಿ ಐವರು ಫೇಲಾದರು. ಎಲ್ಲರೂ ತಮ್ಮತಮ್ಮಲ್ಲೇ ಫ್ರೆಂಚ್ ಮಾತಾಡಿಕೊಂಡರೆ ಇನ್ನೇನಾದೀತು ಎಂದು ಸೆರ್ಜ್ ರೇಗಿದ. ಸೋಮವಾರದಿಂದ ಒಂದು ನಿಯಮ ಮಾಡಿದ್ದಾನೆ.

ನಿನ್ನೆ ಒಬ್ಬ ಹೊಸ ಹುಡುಗಿ ನನ್ನ ಮುಂದೆ ನಿಂತು ಹತ್ತು ಸಲ ಓದಿದಳು. ಕೆಂಪು ಸಾಲನ್ನೂ ಓದಿದಳು, ಆದರೆ ಅವಳಿಗೆ ಬೇಕಾದದ್ದು ಅದಾಗಿರಲಿಲ್ಲ. ಅವಳ ಕಣ್ಣು ಮೇಲಿಂದ ಕೆಳಗೆ ಬೇರೇನನ್ನೋ ಹುಡುಕುತ್ತಲೇ ಇತ್ತು.

ನನ್ನಲ್ಲಿ ಈಗ ಖಾಲಿ ಸಾಲೂ ಉಳಿದಿಲ್ಲ.